ಯುನಿಕ್ಸ್ ಡೊಮೇನ್ ಸಾಕೆಟ್

ಒಂದೇ ಕಂಪ್ಯೂಟರಿನಲ್ಲಿ ನಡೆಯುತ್ತಿರುವ ಪ್ರೋಗ್ರಾಂಗಳು ಪರಸ್ಪರ ದತ್ತಾಂಶ ವಿನಿಮಯ ಮಾಡಿಕೊಳ್ಳಲು ಕಾರ್ಯಾಚರಣಾ ವ್ಯವಸ್ಥೆ ಒದಗಿಸುವ ಸಂಪರ್ಕಬಿಂದು. ಸ್ಥಳೀಯ ಸಾಕೆಟ್ ಎಂದೂ ಹೆಸರು. ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯವು 1983ರಲ್ಲಿ ಹೊರತಂದ 4.2 ಬಿಎಸ್‌ಡಿ ಯುನಿಕ್ಸ್‌ನಲ್ಲಿ, ಇಂಟರ್ನೆಟ್ ಸಾಕೆಟ್‌ಗಳ ಜೊತೆಗೇ ಬಳಕೆಗೆ ಬಂತು. ಮುಂದೆ ಪೋಸಿಕ್ಸ್ ಮಾನಕಕ್ಕೆ ಸೇರಿತು. 2018ರಿಂದ ವಿಂಡೋಸ್ 10ರಲ್ಲೂ ಲಭ್ಯ.

ಇದರ ವಿಳಾಸ ಐಪಿ ಸಂಖ್ಯೆ, ಪೋರ್ಟ್‌ಗಳಲ್ಲ. ಸಾಮಾನ್ಯವಾಗಿ ಒಂದು ಕಡತದ ಹೆಸರು. ಲಿನಕ್ಸ್‌ನಲ್ಲಿ ವಿಳಾಸಕ್ಕೆ 108 ಬೈಟ್‌ಗಳ ಮಿತಿಯಿದೆ. ಕಡತವು ಗುರುತು ಮಾತ್ರ: ದತ್ತಾಂಶ ಡಿಸ್ಕಿಗೆ ಹೋಗದೆ ಕರ್ನಲ್‌ನ ಸ್ಮೃತಿಯ ಮೂಲಕವೇ ಸಾಗುತ್ತದೆ. ಪ್ರೋಗ್ರಾಂ ಮುಗಿದರೂ ಈ ಕಡತ ತಾನಾಗಿ ಅಳಿಯುವುದಿಲ್ಲ. ಅದನ್ನು ತೆಗೆಯದೆ ಅದೇ ಹೆಸರಿನಲ್ಲಿ ಹೊಸ ಸಾಕೆಟ್ ತೆರೆಯಲಾಗದು. ಲಿನಕ್ಸ್‌ಗೆ ವಿಶಿಷ್ಟವಾದ ಅಮೂರ್ತ ವಿಳಾಸಗಳಿಗೆ ಕಡತವೇ ಬೇಕಿಲ್ಲವಾದ್ದರಿಂದ ಈ ತೊಡಕಿಲ್ಲ.

ಸ್ಟ್ರೀಮ್, ಡೇಟಾಗ್ರಾಂ, ಅನುಕ್ರಮ ಪ್ಯಾಕೆಟ್ ಎಂಬ ಮೂರು ಬಗೆಗಳಿವೆ. ಟಿಸಿಪಿಯ ಪ್ಯಾಕೆಟ್ ಕಟ್ಟುವಿಕೆ, ಚೆಕ್‌ಸಮ್, ಮಾರ್ಗನಿರ್ಣಯಗಳ ಹೊರೆ ಇಲ್ಲದಿರುವುದರಿಂದ ವೇಗ ಹೆಚ್ಚು. ತೆರೆದ ಕಡತದ ಡಿಸ್ಕ್ರಿಪ್ಟರನ್ನೇ ಇನ್ನೊಂದು ಪ್ರೋಗ್ರಾಂಗೆ ದಾಟಿಸಬಲ್ಲದ್ದು ಇಂಟರ್ನೆಟ್ ಸಾಕೆಟ್‌ಗಳಿಗಿಲ್ಲದ ಸಾಮರ್ಥ್ಯ. ಲಿನಕ್ಸ್‌ನಲ್ಲಿ ಎದುರು ಪ್ರೋಗ್ರಾಂನ ಬಳಕೆದಾರ ಸಂಖ್ಯೆಯನ್ನು ಕರ್ನಲ್ಲೇ ತಿಳಿಸುತ್ತದೆ. ಪೋಸ್ಟ್‌ಗ್ರೆಸ್‌ಕ್ಯೂಎಲ್ ಗುಪ್ತಪದವಿಲ್ಲದೆ ಸ್ಥಳೀಯ ಬಳಕೆದಾರರನ್ನು ಗುರುತಿಸಲು ಇದನ್ನೇ ನೆಚ್ಚಬಲ್ಲದು. ಎಕ್ಸ್ ವಿಂಡೋ, ಡಿ-ಬಸ್, ಡಾಕರ್‌ಗಳೂ ಈ ಸಾಕೆಟ್‌ಗಳನ್ನು ಬಳಸುತ್ತವೆ.