ಮಯಾಲ್ ಕ್ರೀಕ್: ಸಾಕ್ಷಿ ನುಡಿದ ಕೈದಿ

ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ಅಂದು ಬ್ರಿಟಿಷರ ವಸಾಹತು. ಅಲ್ಲಿನ ಮಯಾಲ್ ಕ್ರೀಕ್ ಎಂಬ ದನಗಾವಲು ನೆಲೆಯಲ್ಲಿ ವಿರಯರಾಯ್ ಮೂಲನಿವಾಸಿಗಳು ನಂಬಿಕೆಯಿಂದ ತಂಗಿದ್ದರು. 1838ರ ಜೂನ್ 10ರಂದು ಕುದುರೆಯೇರಿ ಬಂದ ಶಸ್ತ್ರಧಾರಿಗಳು ಅವರನ್ನು ಹಗ್ಗದಿಂದ ಬಿಗಿದು ಕೊಂಡೊಯ್ದು ಕೊಂದರು. ಮಡಿದವರು ಸುಮಾರು 28 ಮಂದಿ. ಬಹುತೇಕರು ಹೆಂಗಸರು, ಮಕ್ಕಳು, ವೃದ್ಧರು. ಬಳಿಕ ಶವಗಳನ್ನು ಸುಟ್ಟರು.

ಕುರಿ-ದನಗಳ ಮೇವಿಗಾಗಿ ನೆಲ ಕಸಿಯುತ್ತಿದ್ದ ಆ ಗಡಿಸೀಮೆಯಲ್ಲಿ ಇಂತಹ ಹತ್ಯೆ ಹೊಸದಲ್ಲ. ಅದು ನ್ಯಾಯಾಲಯ ತಲುಪಿದ್ದೇ ವಿಶೇಷ. ನೆಲೆಯ ಮೇಲ್ವಿಚಾರಕ ವಿಲಿಯಂ ಹಾಬ್ಸ್ ದೂರಿತ್ತನು. ಆದರೆ ಮೂಲನಿವಾಸಿಗಳ ಸಾಕ್ಷ್ಯವನ್ನು ಕಾನೂನು ಸ್ವೀಕರಿಸುತ್ತಿರಲಿಲ್ಲ. ಕ್ರೈಸ್ತರಲ್ಲದ ಅವರ ಪ್ರಮಾಣಕ್ಕೆ ಬೆಲೆಯಿಲ್ಲವೆಂಬುದೇ ಕಾರಣ! ಆಗ ಜಾರ್ಜ್ ಆಂಡರ್ಸನ್ ಎಂಬ ಗಡೀಪಾರಾದ ಕೈದಿ ಕಂಡದ್ದನ್ನು ನುಡಿದನು.

ಮೊದಲ ವಿಚಾರಣೆಯಲ್ಲಿ ಹನ್ನೊಂದು ಮಂದಿಯೂ ಖುಲಾಸೆಯಾದರು. ಕಥೋಲಿಕರಾಗಿದ್ದ ಅಟಾರ್ನಿ ಜನರಲ್ ಜಾನ್ ಪ್ಲಂಕೆಟ್ ಸುಮ್ಮನಾಗಲಿಲ್ಲ. ಮರುವಿಚಾರಣೆಯಲ್ಲಿ ಏಳು ಮಂದಿ ತಪ್ಪಿತಸ್ಥರೆಂದು ತೀರ್ಮಾನವಾಗಿ, ಡಿಸೆಂಬರ್ 18ರಂದು ಅವರನ್ನು ಗಲ್ಲಿಗೇರಿಸಲಾಯಿತು. ತಂಡದ ಮುಂದಾಳು ಜಾನ್ ಫ್ಲೆಮಿಂಗ್ ಮಾತ್ರ ಎಂದೂ ಸೆರೆ ಸಿಕ್ಕಲಿಲ್ಲ. ಹತ್ಯೆಗಳೂ ನಿಲ್ಲಲಿಲ್ಲ, ಗುಟ್ಟಾಗಿ ನಡೆದವು.

2000ನೇ ಇಸವಿಯ ಜೂನ್‌ನಲ್ಲಿ ಅಲ್ಲಿ ಸ್ಮಾರಕವೊಂದು ಅನಾವರಣಗೊಂಡಿತು. ಕೊಂದವರ ಹಾಗೂ ಬದುಕುಳಿದವರ ವಂಶಜರು ಅಲ್ಲಿ ಜೊತೆಯಾಗಿ ನಿಂತರು. 162 ವರ್ಷಗಳ ಬಳಿಕ ದೊರೆತ ಈ ಸಮಾಧಾನಕ್ಕೆ ಆಧಾರ, ಅಂದು ಮುಚ್ಚಿಡದೆ ನುಡಿದ ಸತ್ಯ. ಪ್ರಿಯರೇ, ತನ್ನವರ ವಿರುದ್ಧವೇ ನುಡಿಯಬೇಕಾಗಿದ್ದ ಆ ಕೈದಿಯ ಸ್ಥಾನದಲ್ಲಿ ನಾವಿದ್ದಿದ್ದರೆ, ಬಾಯಿ ತೆರೆಯುತ್ತಿದ್ದೆವೇ?