ಪಾಲಿತ ಬಾಲಕರ ಸಮಾವರ್ತನ

ಗುರುಕುಲದಿಂದ ಮರಳುವ ಸ್ನಾತಕರನ್ನು ಪ್ರಾಚೀನ ಗೃಹ್ಯಸೂತ್ರಕಾರರು ಮೂರು ಬಗೆಯಾಗಿ ಎಣಿಸಿರುವರು. ವ್ರತದ ಅವಧಿಗೆ ಮೊದಲೇ ವಿದ್ಯೆಯನ್ನು ಮುಗಿಸಿದವನು ವಿದ್ಯಾಸ್ನಾತಕನು. ವಿದ್ಯೆ ಮುಗಿಯದಿದ್ದರೂ ಅವಧಿ ತೀರಿದ್ದರಿಂದ ಹೊರಟವನು ವ್ರತಸ್ನಾತಕನು. ಎರಡನ್ನೂ ಪೂರೈಸಿದವನು ವಿದ್ಯಾವ್ರತಸ್ನಾತಕನು. ಆದರೆ ವ್ರತಸ್ನಾತಕನಿಗೂ ಮರಳಲು ತಂದೆಯ ಮನೆಯೊಂದಿದ್ದಿತು. ತಂದೆತಾಯಿಗಳನ್ನು ಕಳೆದುಕೊಂಡೋ ಅವರಿಂದ ಅಗಲಿಸಲ್ಪಟ್ಟೋ ಸರಕಾರದ ಆಶ್ರಯದಲ್ಲಿ ಪರರ ಮನೆಯಲ್ಲಿ ಬೆಳೆದ ಬಾಲಕನು, ವಯಸ್ಸು ತುಂಬಿತೆಂಬ ಒಂದೇ ಕಾರಣದಿಂದ ಹೊರಟಾಗ ಎಲ್ಲಿಗೆ ಮರಳಬೇಕು? ಇಂಗ್ಲೆಂಡು ಈ ಪ್ರಶ್ನೆಗೆ ಕೊಟ್ಟ ಉತ್ತರಗಳ ಚರಿತ್ರೆಯು ವಿಚಾರಯೋಗ್ಯವಾಗಿದೆ.

1601ರ ದರಿದ್ರಪೋಷಣ ಶಾಸನವು ಬಡಮಕ್ಕಳನ್ನು ಒಡೆಯರ ಬಳಿ ಕಸಬಿಗೆ ಇರಿಸುವ ಅಧಿಕಾರವನ್ನು ಗ್ರಾಮದ ಮೇಲ್ವಿಚಾರಕರಿಗೆ ಕೊಟ್ಟಿತು. ಹುಡುಗರಿಗೆ 24 ವರ್ಷ ತುಂಬುವವರೆಗೆ, ಹುಡುಗಿಯರಿಗೆ 21 ತುಂಬುವ ಅಥವಾ ವಿವಾಹವಾಗುವವರೆಗೆ ಅವಧಿ. ಕಲಿಕೆಯೆಂಬುದು ಹೆಸರಿಗೆ, ಬಹುಮಟ್ಟಿಗೆ ಅದು ದುಡಿಮೆಯೇ. 1870ರ ಆಜ್ಞೆಯಿಂದ ದರಿದ್ರಾಲಯದ ಮಕ್ಕಳನ್ನು ಗೃಹಸ್ಥರ ಮನೆಗಳಲ್ಲಿ ಬೆಳೆಸುವ ಪದ್ಧತಿಯು ವಿಸ್ತಾರಗೊಂಡಿತಾದರೂ, ಹುಡುಗಿಗೆ ಮನೆಗೆಲಸ, ಹುಡುಗನಿಗೆ ಹೊಲಗೆಲಸ, ಇವುಗಳಾಚೆಯ ವಿದ್ಯೆಯನ್ನು ಅವರಿಗಾಗಿ ಬಯಸಿದವರು ವಿರಳ.

1945ರ ಜನವರಿಯಲ್ಲಿ ಷ್ರಾಪ್‌ಷೈರಿನ ಒಂದು ಹೊಲಮನೆಯಲ್ಲಿ ಹನ್ನೆರಡು ವರ್ಷದ ಡೆನಿಸ್ ಓನೀಲ್ ಎಂಬ ಬಾಲಕನು, ಸಾಕಬೇಕಾದವರ ಮನೆಯಲ್ಲಿಯೇ ಹಸಿವಿಗೂ ಹೊಡೆತಕ್ಕೂ ಗುರಿಯಾಗಿ ಮಡಿದನು. ದೇಶವು ಮರುಗಿತು. ಅದೇ ವರ್ಷ ನೇಮಕವಾದ ವಿಚಾರಣಾ ಸಮಿತಿಗೆ ಕೇಂಬ್ರಿಜಿನ ನ್ಯೂನಮ್ ಕಾಲೇಜಿನ ಮುಖ್ಯಸ್ಥೆ ಮೈರಾ ಕರ್ಟಿಸ್ ಅಧ್ಯಕ್ಷೆಯಾದರು. 1946ರಲ್ಲಿ ವರದಿಯೂ, 1948ರಲ್ಲಿ ಮಕ್ಕಳ ಶಾಸನವೂ ಹೊರಬಂದುವು. ಪಾಲನೆಯು 18ಕ್ಕೆ ಮುಗಿಯುವುದು. ಅನಂತರದ ವಿದ್ಯಾಭ್ಯಾಸಕ್ಕೆ ಸ್ಥಳೀಯ ಸಂಸ್ಥೆಗಳು ಧನಸಹಾಯ ಮಾಡಬಹುದು ಎಂದು ಶಾಸನವು ವಿಧಿಸಿತು. ‘ಬಹುದು’ ಎಂಬ ಈ ಒಂದು ಮಾತಿನಲ್ಲಿ ಅರ್ಧ ಶತಮಾನವು ಕಳೆಯಿತು.

ಕೊರತೆಯು ಹಣದ್ದು ಮಾತ್ರವಾಗಿರಲಿಲ್ಲ. ಮನೆಯಿಂದ ಮನೆಗೆ ಸಾಗಿಸಲ್ಪಡುವ ಬಾಲಕನು ಅನೇಕ ವೇಳೆ ಶಾಲೆಯಿಂದ ಶಾಲೆಗೂ ಸಾಗುವನು. ಒಂದೆಡೆ ಆರಂಭಿಸದ ಪಾಠವು ಮತ್ತೊಂದೆಡೆ ಮುಗಿದೇ ಹೋಗಿರುವುದು. ಪಾಲನೆಯ ಇಲಾಖೆಗೂ ವಿದ್ಯಾ ಇಲಾಖೆಗೂ ನಡುವಣ ಈ ಬಿರುಕನ್ನು 1987ರಲ್ಲಿ ಸೋನಿಯಾ ಜ್ಯಾಕ್ಸನ್ ಎಂಬ ವಿದುಷಿಯು ಎತ್ತಿ ತೋರಿಸಿದರು. ಮೇಲಾಗಿ, ವಿಶ್ವವಿದ್ಯಾಲಯದ ಪ್ರವೇಶಕ್ಕೆ ಬೇಕಾದ ಪರೀಕ್ಷೆಯೂ ಆಶ್ರಯದ ಅಂತ್ಯವೂ ಹದಿನೆಂಟನೆಯ ವಯಸ್ಸಿನಲ್ಲಿಯೇ ಕೂಡಿಬರುವುವು. ಪ್ರವೇಶ ದೊರೆತರೂ, ರಜೆಯಲ್ಲಿ ಸಹಪಾಠಿಗಳು ಊರಿಗೆ ಹೊರಟು ವಿದ್ಯಾರ್ಥಿನಿಲಯವು ಮುಚ್ಚಿದಾಗ, ಅವನಿಗೆ ತಲೆಯೂರಲು ಸ್ಥಳವಿಲ್ಲ.

2000ದ ಶಾಸನವು ‘ಬಹುದು’ ಎಂಬಲ್ಲಿ ‘ತಕ್ಕದ್ದು’ ಎಂಬುದನ್ನು ತಂದಿತು. ಪ್ರತಿಯೊಬ್ಬನಿಗೂ ಒಬ್ಬ ಸಲಹೆಗಾರನನ್ನು ನೇಮಿಸತಕ್ಕದ್ದು. ಓದುತ್ತಿರುವವನಿಗೆ 24ರವರೆಗೆ ನೆರವಾಗತಕ್ಕದ್ದು. ಉನ್ನತ ವಿದ್ಯಾರ್ಥಿಗೆ ರಜೆಯ ವಸತಿಯನ್ನು ಒದಗಿಸತಕ್ಕದ್ದು. 2014ರ ಶಾಸನದಿಂದ, ಉಭಯರೂ ಒಪ್ಪಿದರೆ ಸಾಕಿದವರ ಮನೆಯಲ್ಲಿಯೇ 21ರವರೆಗೆ ಉಳಿಯುವ ಏರ್ಪಾಡಾಯಿತು. 2017ರ ಶಾಸನವು ಸಲಹೆಗಾರನ ನೆರವನ್ನು 25ರವರೆಗೆ ವಿಸ್ತರಿಸಿತು. ಆದರೂ 2019ರ ಸರಕಾರಿ ಲೆಕ್ಕದಂತೆ, ಹೀಗೆ ಹೊರಬಂದ 19ರಿಂದ 21 ವರ್ಷದವರಲ್ಲಿ ಉನ್ನತ ವಿದ್ಯೆಯಲ್ಲಿದ್ದವರು ನೂರಕ್ಕೆ ಸುಮಾರು ಆರು ಮಂದಿ ಮಾತ್ರ.

1601ರಲ್ಲಿ 24 ವರ್ಷಗಳ ಗಡಿಯು ಬಾಲಕನು ಒಡೆಯನಿಗೆ ಸಲ್ಲಿಸಬೇಕಾದ ದುಡಿಮೆಯನ್ನು ಅಳೆಯಿತು. 2017ರ 25 ವರ್ಷಗಳ ಗಡಿಯು ಬಾಲಕನಿಗೆ ಸಮಾಜವು ಸಲ್ಲಿಸಬೇಕಾದ ಋಣವನ್ನು ಅಳೆಯುತ್ತದೆ. ನಾಲ್ಕು ಶತಮಾನಗಳ ಪ್ರಗತಿಯು ಇಷ್ಟು. ವರ್ಷಗಳನ್ನೆಣಿಸಿ ಬೀಳ್ಕೊಡುವುದು ಪಾಲಕರಿಗೆ ಸುಲಭ. ವಿದ್ಯೆ ಮುಗಿಯುವವರೆಗೆ ಬಾಗಿಲನ್ನು ತೆರೆದಿಡುವುದೇ ತಂದೆತಾಯಿಗಳ ಧರ್ಮ. ಆ ಸ್ಥಾನವನ್ನು ವಹಿಸಿದ ಸರಕಾರಕ್ಕೂ ಆ ಧರ್ಮವು ತಪ್ಪದು.