ಲಿಲಿಯೆಂಟಾಲ್ ಗ್ಲೈಡರ್

ಜರ್ಮನಿ, 1894. ವಿಲ್ಲೋ ಮರದ ಚೌಕಟ್ಟು, ಹತ್ತಿ ಬಟ್ಟೆ, ತಂತಿ.
ರೆಕ್ಕೆಯ ಹರವು 6.7 ಮೀಟರ್, ತೂಕ ಸುಮಾರು 20 ಕೆ.ಜಿ.

ಎಂಜಿನ್ ಇಲ್ಲದ ಈ ಹಾರುಯಂತ್ರವನ್ನು ರೂಪಿಸಿದವರು ಬರ್ಲಿನ್ನಿನ ಎಂಜಿನಿಯರ್ ಒಟ್ಟೊ ಲಿಲಿಯೆಂಟಾಲ್. ಇದೇ ಮಾದರಿಯ ಹಲವು ಗ್ಲೈಡರುಗಳು ಅವರ ಕಾರ್ಖಾನೆಯಲ್ಲಿ ತಯಾರಾಗಿ ಮಾರಾಟವೂ ಆದವು.

ರೆಕ್ಕೆಯನ್ನು ತುದಿಯ ಕಡೆಯಿಂದ ನೋಡಿ. ಅದು ಸಪಾಟಾಗಿಲ್ಲ, ನಡುವೆ ಮೆಲ್ಲಗೆ ಉಬ್ಬಿ ಹಿಂದಕ್ಕೆ ಇಳಿದಿದೆ. ಬಿಳಿ ಕೊಕ್ಕರೆಯ ರೆಕ್ಕೆಗೂ ಇಂಥದೇ ಬಾಗು. ಬಾಗಿದ ರೆಕ್ಕೆ ಎದುರುಗಾಳಿಯನ್ನು ಕೆಳಕ್ಕೆ ತಿರುಗಿಸುತ್ತದೆ. ಪ್ರತಿಯಾಗಿ ಗಾಳಿ ರೆಕ್ಕೆಯನ್ನು ಮೇಲಕ್ಕೆತ್ತುತ್ತದೆ. ಸಪಾಟು ಹಲಗೆಗಿಂತ ಬಾಗಿದ ರೆಕ್ಕೆಗೆ ಈ ಬಲ ಹೆಚ್ಚು ಎಂಬುದನ್ನು ಒಟ್ಟೊ ಮತ್ತು ಅವರ ತಮ್ಮ ಗುಸ್ತಾವ್ ವರ್ಷಗಟ್ಟಲೆ ಅಳೆದು ನೋಡಿದರು. ಫಲಿತಾಂಶಗಳು 1889ರಲ್ಲಿ ಪುಸ್ತಕವಾಗಿ ಬಂದವು. ಅಷ್ಟು ತಾಳ್ಮೆಯ ಕೆಲಸ ಆ ಕಾಲದಲ್ಲಿ ತೀರ ಅಪರೂಪ.

ಬುಡದಿಂದ ಹರಡಿದ ಕಡ್ಡಿಗಳು ಬಾವಲಿಯ ರೆಕ್ಕೆಯಂತೆ ಮಡಚಿಕೊಳ್ಳುತ್ತವೆ. ಹಾರುವವರು ನಡುವಿನ ತೆರವಿನಲ್ಲಿ ತೋಳೂರಿ ನೇತಾಡುತ್ತ, ಕಾಲುಗಳನ್ನು ಅತ್ತಿತ್ತ ಬೀಸಿಯೇ ಸಮತೋಲ ಕಾಯಬೇಕಿತ್ತು.

ಗುಡ್ಡದ ಇಳಿಜಾರಿನಲ್ಲಿ ಓಡಿ ಗಾಳಿಗೆ ನೆಗೆಯುತ್ತಿದ್ದ ಲಿಲಿಯೆಂಟಾಲ್ 250 ಮೀಟರ್ ದೂರದವರೆಗೂ ತೇಲಿದ್ದುಂಟು. 1896ರ ಆಗಸ್ಟ್ 9ರಂದು ಇಂಥದೇ ಗ್ಲೈಡರಿನಿಂದ ಬಿದ್ದು, ಮರುದಿನ ತೀರಿಕೊಂಡರು. ಆ ಸುದ್ದಿ ಅಮೆರಿಕದ ರೈಟ್ ಸಹೋದರರನ್ನು ಮತ್ತೆ ಹಾರಾಟದ ಅಧ್ಯಯನಕ್ಕೆ ಎಳೆಯಿತು. 1903ರ ಡಿಸೆಂಬರ್ 17ರಂದು ಅವರ ಎಂಜಿನ್ ವಿಮಾನ ನೆಲ ಬಿಟ್ಟಿತು.